ಥರ್ಜಕ್ಕನ ದೋಣಿಯಲ್ಲಿ ಯಾರಿದ್ದಾರೆ?

ಡಾಕ್ ಊರಿನ ಟೌನ್ ಹಾಲಿನಲ್ಲಿ ಗಿಲ್ಬರ್ಟ್ ವೆನಿಂಗ್ ಸಾಹೇಬರ ಆಳೆತ್ತರದ ಚಿತ್ರವಿದೆ. ಎದೆಯ ಮೇಲೆ ಪದಕ, ಕೈಯಲ್ಲಿ ದುರ್ಬೀನು, ಹಿಂದೆ ಹೊಗೆಯಾಡುವ ಸಮುದ್ರ. ಎಳೆಯ ವಯಸ್ಸಿಗೇ ನೌಕಾಪಡೆ ಸೇರಿದರು, ಕ್ಯಾಪ್ಟನ್ ಆದರು, ಪಾರ್ಲಿಮೆಂಟಿಗೆ ಹೋದರು, ನೌಕಾ ಮಂಡಳಿಯಲ್ಲಿ ಕುರ್ಚಿ ಹಿಡಿದರು ಎಂದು ಅದರ ಕೆಳಗೆ ಹಿತ್ತಾಳೆಯಲ್ಲಿ ಕೆತ್ತಿದ್ದಾರೆ. ಕೆತ್ತಲಿ ಬಿಡಿ, ಸುಳ್ಳೇನಲ್ಲ. ಆದರೆ ಆ ಮನುಷ್ಯ ದಡದಿಂದ ಹಡಗಿಗೆ ಹಾರಿಕೊಂಡು ಹೋಗಲಿಲ್ಲವಲ್ಲ? ಪ್ರತಿ ಸಲವೂ ಯಾರೋ ಒಬ್ಬರು ಬೆನ್ನು ಬಗ್ಗಿಸಿ ದೋಣಿ ನಡೆಸಿ ಮುಟ್ಟಿಸಿದ್ದಾರೆ. ಹಾಗೆ ಮುಟ್ಟಿಸಿದವಳು ನಮ್ಮ ಥರ್ಜಾ ನಾನ್ಸ್. ಅವಳ ಹೆಸರನ್ನು ಯಾವ ಹಿತ್ತಾಳೆಯ ಮೇಲೂ ಯಾರೂ ಕೆತ್ತಲಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ. ನನ್ನ ಹೆಸರು ಮೆಲ್ಯೋರಾ. ಥರ್ಜಕ್ಕನ ದೋಣಿಯಲ್ಲಿ ಮುಂದಿನ ಹುಟ್ಟು ಹಿಡಿದು ಕೂತವಳು. ಈ ಕಥೆ ನನಗಿಂತ ಚೆನ್ನಾಗಿ ಗೊತ್ತಿರುವವರು ಯಾರಾದರೂ ಇದ್ದರೆ ಎದುರಿಗೆ ಬರಲಿ, ನೋಡೋಣ.

ನಮ್ಮ ಟ್ರೆಗಾರಕ್ ಇರುವುದು ಟೇಮರ್ ನದಿಯ ಕಾರ್ನ್‌ವಾಲ್ ಕಡೆಯ ದಡದಲ್ಲಿ. ಎದುರು ದಡ ಡಾಕ್. ಅಲ್ಲಿ ಹಡಗುಕಟ್ಟೆ, ಬ್ಯಾರಕ್ಕು, ಹೆಂಡದಂಗಡಿಗಳು. ನಡುವೆ ನದಿ ಅಗಲವಾಗಿ ಹರಡಿಕೊಂಡಲ್ಲಿ ಯುದ್ಧನೌಕೆಗಳು ಲಂಗರು ಹಾಕಿ ನಿಲ್ಲುತ್ತವೆ. ನಮ್ಮ ಗಂಡಸರು ಸಮುದ್ರಕ್ಕೆ ಹೋಗುತ್ತಾರೆ, ಇಲ್ಲವೇ ಕಟ್ಟೆಯಲ್ಲಿ ಸುತ್ತಿಗೆ ಹಿಡಿಯುತ್ತಾರೆ. ದೋಣಿ ಹೆಂಗಸರದು. ನನ್ನ ಅಜ್ಜಿ, ಅವಳ ಅಜ್ಜಿ, ಎಲ್ಲರೂ ಲಂಗದ ಅಂಚು ಮೊಣಕಾಲಿಗೆ ಎತ್ತಿ ಕಟ್ಟಿ, ಬಿಳಿ ಟೋಪಿಯ ದಾರ ಗದ್ದಕ್ಕೆ ಬಿಗಿದು ಹುಟ್ಟು ಹಾಕಿದವರೇ. ಥರ್ಜಕ್ಕನ ದೋಣಿಗೆ ಅವಳ ತಾಯಿಯ ಹೆಸರು, ಡಾರ್ಕಸ್. ದೋಣಿ ಪಂದ್ಯದಲ್ಲಿ ಡಾರ್ಕಸ್ ಎದುರು ಸೋತ ನಾವಿಕರು ಎಷ್ಟು ಮಂದಿ ಎಂದು ಕೇಳಬೇಡಿ, ಪಾಪ, ಕೆಲವರು ಇನ್ನೂ ಬದುಕಿದ್ದಾರೆ.

ಥರ್ಜಕ್ಕ ಎತ್ತರದ ಹೆಂಗಸು, ಭುಜ ಬಾಗಿಲಿನಷ್ಟು ಅಗಲ, ಕೆನ್ನೆಯ ಮೇಲೆ ಗಾಳಿ ಸುಟ್ಟ ಕೆಂಪು. ನಮ್ಮೂರಿನ ರೂಢಿಯಂತೆ ಕಂಡಕಂಡವರನ್ನೆಲ್ಲ "ನನ್ ರಾಜಾ" ಎಂದೇ ಕರೆಯುವವಳು. ಬಿಷಪ್ಪರನ್ನೂ ಹಾಗೇ ಕರೆದಳು, ಕುಡಿದು ದೋಣಿಯಲ್ಲಿ ವಾಂತಿ ಮಾಡಿದ ಸೈನಿಕನನ್ನೂ ಹಾಗೇ ಕರೆದಳು. ಆಮೇಲೆ ಅವನನ್ನು ಕುತ್ತಿಗೆಪಟ್ಟಿ ಹಿಡಿದು ನೀರಲ್ಲಿ ಅದ್ದಿ ತೆಗೆದಳು, ಅದು ಬೇರೆ ಮಾತು.

ಈಗ ಒಂದು ಪದ್ಧತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ದೋಣಿಯೊಂದು ಯುದ್ಧನೌಕೆಯ ಹತ್ತಿರ ಬಂದರೆ ಮೇಲಿನಿಂದ ಪಹರೆಯವನು "ಯಾರ ದೋಣಿ?" ಎಂದು ಕೂಗುತ್ತಾನೆ. ದೋಣಿ ನಡೆಸುವವರು ಉತ್ತರ ಕೊಡಬೇಕು; ಒಳಗೆ ಕೂತ ದೊಡ್ಡ ಮನುಷ್ಯ ತಾನೇ ಬಾಯಿ ಬಿಡುವಂತಿಲ್ಲ. ಹೆಸರು ಹೇಳುವ ಹಾಗಿಲ್ಲ. ಒಳಗೆ ಅಧಿಕಾರಿ ಇದ್ದರೆ "ಹೌದ್ಹೌದು" ಅನ್ನಬೇಕು. ಆಗ ಹಡಗಿನ ಬಲಮಗ್ಗುಲಲ್ಲಿ ಏಣಿ ಸಿದ್ಧವಾಗುತ್ತದೆ, ಸೀಟಿ ಊದುತ್ತಾರೆ, ಜನ ಸಾಲಾಗಿ ನಿಲ್ಲುತ್ತಾರೆ. ಅಧಿಕಾರಿ ಯಾರೂ ಇಲ್ಲದಿದ್ದರೆ, ಒಳಗಿರುವುದು ಇನ್ನೂ ಅಧಿಕಾರಿಯಾಗದ ಮಿಡ್‌ಶಿಪ್‌ಮನ್ ಹುಡುಗನೋ ಕೋಸು ಮಾರುವವಳೋ ಆಗಿದ್ದರೆ, "ಇಲ್ಲಿಲ್ಲ" ಅನ್ನಬೇಕು. ಅವರು ಎಡಮಗ್ಗುಲಿಗೆ ಹೋಗಿ ತಾವಾಗಿ ಹತ್ತಿಕೊಳ್ಳಬೇಕು. ಹಡಗಿನ ಕ್ಯಾಪ್ಟನ್ನೇ ಬಂದರೆ ಮಾತ್ರ ಆ ಹಡಗಿನ ಹೆಸರು ಕೂಗುವುದು. ಇಷ್ಟೇ. ಉತ್ತರ ತಪ್ಪು ಕೊಟ್ಟ ದೋಣಿಯನ್ನು ಹಡಗುಗಳು ಹತ್ತಿರ ಸೇರಿಸುವುದಿಲ್ಲ.

ವೆನಿಂಗ್ ಮೊದಲ ಸಲ ನದಿ ದಾಟಿದಾಗ ಫ್ರೆಂಚರ ಜೊತೆ ಯುದ್ಧ ಇನ್ನೂ ನಡೆಯುತ್ತಿತ್ತು. ನಾನಾಗ ತೊಟ್ಟಿಲಲ್ಲಿದ್ದೆ, ಆದರೂ ಕೇಳಿ ಕೇಳಿ ಕಣ್ಣಾರೆ ಕಂಡಷ್ಟೇ ಆಗಿದೆ. ಥರ್ಜಕ್ಕ ಹದಿಹರೆಯದವಳು, ತಾಯಿಯ ಜೊತೆ ಹೊಸದಾಗಿ ಹುಟ್ಟು ಹಿಡಿದಿದ್ದಳು. ಡಾಕ್‌ನ ಹಡಗುಕಟ್ಟೆಯ ಕಲ್ಲುಮೆಟ್ಟಿಲ ಮೇಲೆ ಒಬ್ಬ ಹುಡುಗ ತನಗಿಂತ ದೊಡ್ಡ ಪೆಟ್ಟಿಗೆಯ ಪಕ್ಕದಲ್ಲಿ ನಿಂತಿದ್ದ. ಹೊಸ ಸಮವಸ್ತ್ರದ ತೋಳು ಬೆರಳ ತುದಿ ದಾಟಿತ್ತು. ಕಣ್ಣು ಊದಿತ್ತು.

"ಹತ್ತು ನನ್ ರಾಜಾ," ಎಂದಳು ಥರ್ಜಕ್ಕ. "ನಿಂತ್ಕೊಂಡು ಏನ್ ನೋಡ್ತೀಯ? ಹಿರೀರು ಹತ್ತಲಿ ಅಂತಾನಾ? ದೋಣಿ ಹತ್ತುವಾಗ ಕಿರಿಯೋನು ಮೊದ್ಲು, ಹಿರಿಯೋನು ಕೊನೆಗೆ. ಇಳಿಯುವಾಗ ಹಿರಿಯೋನು ಮೊದ್ಲು. ನೌಕಾಪಡೆ ಸೇರ್ತೀಯ, ಇಷ್ಟೂ ಗೊತ್ತಿಲ್ವಾ?"

"ಗೊತ್ತಿಲ್ಲ," ಎಂದು ಹುಡುಗ ಮೂಗು ಒರೆಸಿಕೊಂಡ.

"ಈಗ ಗೊತ್ತಾಯ್ತಲ್ಲ. ಕೂತ್ಕೋ."

ಅರ್ಧ ನದಿ ದಾಟುವಷ್ಟರಲ್ಲಿ ಅವನು ಅಳು ತಡೆಯಲಾರದೆ ಟೋಪಿಯಲ್ಲಿ ಮುಖ ಮುಚ್ಚಿಕೊಂಡ. ಹಡಗು ಹತ್ತಿರವಾಯಿತು. ಪಹರೆಯವನು ಕೂಗಿದ. ಅವಳ ತಾಯಿ "ಇಲ್ಲಿಲ್ಲ" ಎನ್ನಲು ಬಾಯಿ ತೆರೆಯುವ ಮೊದಲೇ ಥರ್ಜಕ್ಕ ಎದೆ ತುಂಬ ಉಸಿರೆಳೆದು "ಹೌದ್ಹೌದು!" ಎಂದುಬಿಟ್ಟಳು.

ಮೇಲೆ ಗಡಿಬಿಡಿ. ಸೀಟಿ ಊದಿದರು. ಜನ ಸಾಲಾಗಿ ನಿಂತರು. ಕಾವಲಿನ ಲೆಫ್ಟಿನೆಂಟು ಊಟದ ತಟ್ಟೆ ಬಿಟ್ಟು ಕತ್ತಿ ಸಿಕ್ಕಿಸಿಕೊಂಡು ಓಡಿಬಂದ. ಏಣಿಯ ತುದಿಯಲ್ಲಿ ಕಂಡದ್ದು ಅತ್ತು ಕೆಂಪಾದ ಒಂದು ಮೂಗು. ಹುಡುಗನನ್ನು ಅಲ್ಲಿಂದಲೇ ಪಟದ ಕಂಬದ ತುದಿಗೆ ಹತ್ತಿಸಿ, ಕರೆಯುವವರೆಗೂ ಇಳಿಯಕೂಡದೆಂದು ಶಿಕ್ಷೆ ಕೊಟ್ಟರು. ಡಾರ್ಕಸ್ ಆ ಹಡಗಿನ ಬಳಿ ಆ ಚಳಿಗಾಲವೆಲ್ಲ ಸುಳಿಯಬಾರದೆಂದರು. ಥರ್ಜಕ್ಕನ ತಾಯಿ ದಾರಿಯುದ್ದಕ್ಕೂ ಅವಳಿಗೆ ಬೈದ ಬೈಗುಳ ನಮ್ಮೂರಲ್ಲಿ ಇವತ್ತಿಗೂ ಪ್ರಸಿದ್ಧ.

"ಯಾಕಕ್ಕಾ ಹಂಗಂದೆ?" ಎಂದು ನಾನು ಎಷ್ಟೋ ಸಲ ಕೇಳಿದ್ದೇನೆ.

"ಅಳ್ತಿತ್ತು ಕಣೇ ಆ ಮಗು. ಮುಂದೆ ಅದ್ರ ಮುಂದೆ ಯಾರ್ ಎದ್ದು ನಿಲ್ತಾರೋ ಬಿಡ್ತಾರೋ. ಒಂದ್ಸಲ ನಿಲ್ಲಲಿ ಅಂದ್ಕೊಂಡೆ."

ದೋಣಿ ತಿರುಗಿಸಿಕೊಂಡು ಬರುವಾಗ ಅವಳು ತಲೆಯೆತ್ತಿ ನೋಡಿದಳಂತೆ. ಕಂಬದ ತುದಿಯಲ್ಲಿ ಕಾಗೆಯಷ್ಟು ಚಿಕ್ಕದಾಗಿ ಕೂತಿದ್ದ ಹುಡುಗ ಒಂದು ಕೈಯಲ್ಲಿ ಹಗ್ಗ ಹಿಡಿದು, ಇನ್ನೊಂದು ಕೈಯಲ್ಲಿ ಟೋಪಿ ತೆಗೆದು ಅವಳಿಗೆ ಬೀಸಿದನಂತೆ. ಅಳು ನಿಂತಿತ್ತು ಅನ್ನುತ್ತಾಳೆ ಥರ್ಜಕ್ಕ. ಅಷ್ಟು ದೂರದಿಂದ ಅದು ಹೇಗೆ ಕಂಡಿತೋ ನಾನು ಕಾಣೆ. ಆದರೆ ಅವಳ ಮಾತಿಗೆ ಎದುರಾಡಿದವರು ಕಡಿಮೆ.

ಆಮೇಲೆ ವರ್ಷಗಳು ಹೋದವು. ಅವನು ಲೆಫ್ಟಿನೆಂಟಾಗಿ ಬಂದ. ಅಂದಿನಿಂದ ನಾವು "ಅವರು" ಎಂದೆವು. ಹೊಸ ಹಡಗಿಗೆ ಹೋಗುವಾಗ ಮೆಟ್ಟಿಲ ಬಳಿ ಸಾಲುಗಟ್ಟಿದ್ದ ದೋಣಿಗಳನ್ನೆಲ್ಲ ಬಿಟ್ಟು ಡಾರ್ಕಸ್ ಹುಡುಕಿಕೊಂಡು ಬಂದರು. ಥರ್ಜಕ್ಕ "ಹೌದ್ಹೌದು" ಎಂದು ಕೂಗಿದಾಗ ಅವರು ಮೆಲ್ಲಗೆ, "ಈ ಸಲ ಸರಿಯಾಗ್ ಹೇಳ್ದೆ ನೋಡು," ಎಂದರು. ಆಫ್ರಿಕಾದ ಕರಾವಳಿಯಲ್ಲಿ ಗುಲಾಮರ ಹಡಗುಗಳನ್ನು ಬೆನ್ನಟ್ಟಿ, ಜ್ವರ ಹಿಡಿದು, ಹಳದಿಯಾಗಿ ಮರಳಿದಾಗ ಅವರನ್ನು ಚಾದರದಲ್ಲಿ ಸುತ್ತಿ ದಡಕ್ಕೆ ತಂದವರೂ ನಾವೇ. ಅವರ ಜೊತೆ ಹೋದ ಅರ್ಧ ಜನ ಬರಲಿಲ್ಲ. ನಾವಿಕರಿಗೆ ಅದೃಷ್ಟದ ನಂಬಿಕೆಗಳು ಬಹಳ. ಡಾರ್ಕಸ್ ಹತ್ತಿ ಹೋದರೆ ತಾನು ಮುಳುಗುವುದಿಲ್ಲ ಎಂದು ಅವರ ತಲೆಗೆ ಹೊಕ್ಕಿತು. ಪೆರೆಗ್ರಿನ್ ಎಂಬ ಹಡಗಿಗೆ ಕ್ಯಾಪ್ಟನ್ ಆದ ದಿನ ಥರ್ಜಕ್ಕ "ಪೆರೆಗ್ರಿನ್!" ಎಂದು ಕೂಗಿದ ಕೂಗಿಗೆ ಆಚೆ ದಡದ ನಾಯಿಗಳು ಬೊಗಳಿದವು. ವೆನಿಂಗ್ ಸಾಹೇಬರ ಮುಖ ನೋಡಬೇಕಿತ್ತು. ಏಣಿ ಹತ್ತುವುದನ್ನೇ ಮರೆತು ಕೂತಿದ್ದರು.

ಹಾಗೆಂದು ಎಲ್ಲ ಬೆಣ್ಣೆಯಂತೆ ಸಾಗಲಿಲ್ಲ. ಮೇಲಿನವರೊಬ್ಬರ ಜೊತೆ ಜಗಳವಾಗಿ ಹಡಗು ಹೋಯಿತು. ಅರ್ಧ ಸಂಬಳದ ಮೇಲೆ ನದಿಗೆ ಮುಖ ಮಾಡಿದ ಮನೆಯಲ್ಲಿ ಕೂತು ಕೋಸು ಬೆಳೆಸಿದರು. ಕೋಸಿಗೂ ಅಪ್ಪಣೆ ಕೊಡುತ್ತಿದ್ದರು ಎಂದು ಅವರ ಅಡುಗೆಯವಳು ಹೇಳುತ್ತಿದ್ದಳು. ಹಡಗಿಲ್ಲದ ಕ್ಯಾಪ್ಟನ್ನರು ಕೊನೆಗೆ ಮಾಡುವುದನ್ನೇ ಇವರೂ ಮಾಡಿದರು: ಪಾರ್ಲಿಮೆಂಟಿಗೆ ನಿಂತರು.

ಅದೇ ಹೊತ್ತಿಗೆ ನಮ್ಮ ತಲೆಯ ಮೇಲೆ ಕಲ್ಲು ಬಿದ್ದಿತ್ತು. ಹಡಗುಕಟ್ಟೆಗೆ ಹೊಸ ಅಧಿಕಾರಿಯೊಬ್ಬ ಬಂದಿದ್ದ. ಹೆಂಗಸರು ಮೊಣಕಾಲು ತೋರಿಸಿಕೊಂಡು, ಅಧಿಕಾರಿಗಳನ್ನು "ನನ್ ರಾಜಾ" ಎಂದು ಕರೆದುಕೊಂಡು ಕಲ್ಲುಮೆಟ್ಟಿಲ ಬಳಿ ನಿಲ್ಲುವುದು ಅವನಿಗೆ ಮರ್ಯಾದೆಗೇಡಾಗಿ ಕಂಡಿತು. ಹೆಂಗಸರ ದೋಣಿಗಳು ಮೆಟ್ಟಿಲು ಮುಟ್ಟಬಾರದು ಎಂದು ಹಲಗೆ ಹೊಡೆಸಿ, ಪಕ್ಕದಲ್ಲಿ ಒಬ್ಬ ಕಾವಲುಗಾರನನ್ನು ನಿಲ್ಲಿಸಿದ. ನಮಗೆ ಉಳಿದದ್ದು ಕಟ್ಟೆಯ ಕೊನೆಯಲ್ಲಿ, ಮೋರಿ ಬೀಳುವ ಕಡೆಯ ಕೆಸರು. ನೀರು ಇಳಿದಾಗ ದೋಣಿಯನ್ನು ಮೊಣಕಾಲುದ್ದ ಕೆಸರಲ್ಲಿ ಎಳೆಯಬೇಕು. ಶೂ ಹಾಕಿದ ಯಾವ ಗಿರಾಕಿ ಅಲ್ಲಿಗೆ ಬರುತ್ತಾನೆ? ಬರುವವರೆಲ್ಲ ಮೆಟ್ಟಿಲಿಗೇ ಬರುವುದು, ಅಲ್ಲಿ ಗಂಡಸರ ದೋಣಿಗಳು ಕಾಯುತ್ತಿರುತ್ತವೆ. ಥರ್ಜಕ್ಕನ ಗಂಡ ಜಾನ್ ಹಡಗಿನ ತೊಲೆ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದ. ಮೆಟ್ಟಿಲು ಹೋದರೆ ದೋಣಿ ಹೋಯಿತು, ದೋಣಿ ಹೋದರೆ ಆ ಮನೆಯ ಒಲೆ ಆರಿತು. ನಮ್ಮೆಲ್ಲರ ಮನೆಯ ಒಲೆಯೂ ಅಷ್ಟೆ.

ಚುನಾವಣೆಯ ಕಟ್ಟೆಯ ಮೇಲೆ ವೆನಿಂಗ್ ಸಾಹೇಬರು ಭಾಷಣಕ್ಕೆ ನಿಂತಾಗ ನಾವೆಲ್ಲ ಹೋಗಿದ್ದೆವು. ಹೆಂಗಸರಿಗೆ ಮತವಿಲ್ಲ, ಬಾಯಿಯಂತೂ ಇತ್ತು. ಸಾಹೇಬರು ಬಿರುಗಾಳಿಯಲ್ಲಿ ಪಟ ಇಳಿಸುವವರಿಗೆ ಅಪ್ಪಣೆ ಕೊಟ್ಟಂತೆ ಕಿರುಚತೊಡಗಿದರು. ಜನ ಕಿವಿ ಮುಚ್ಚಿಕೊಂಡರು.

"ಸಾಹೇಬ್ರೇ!" ಥರ್ಜಕ್ಕ ಗುಂಪಿನಿಂದ ಕೂಗಿದಳು. "ನಾವೇನ್ ಕಂಬದ ತುದೀಲಿ ಕೂತಿಲ್ಲ, ಇಲ್ಲೇ ಕಾಲ ಬುಡದಲ್ಲಿದೀವಿ! ಮೆಲ್ಲಗೆ ಹೇಳಿ ನನ್ ರಾಜಾ, ಕೇಳಿಸ್ತದೆ!"

ಜನ ಹೋ ಎಂದು ನಕ್ಕರು. ಸಾಹೇಬರೂ ನಕ್ಕರು. ಅಲ್ಲಿಂದ ಮುಂದೆ ಮನುಷ್ಯರ ಹಾಗೆ ಮಾತಾಡಿದರು, ಜನ ಕೇಳಿದರು. ಕೊನೆಗೆ ಥರ್ಜಕ್ಕ ಮುಂದೆ ಹೋಗಿ ಮೆಟ್ಟಿಲ ವಿಷಯ ಎತ್ತಿದಳು.

"ನಾನು ಗೆದ್ರೆ ಆ ಹಲಗೆ ಕೀಳಿಸ್ತೀನಿ ಥರ್ಜಾ," ಎಂದರು ಅವರು, ಎಲ್ಲರಿಗೂ ಕೇಳಿಸುವಂತೆ. "ಆ ಮೆಟ್ಟಿಲ ಮೇಲೇ ನಾನು ಮೊದಲ ಪಾಠ ಕಲ್ತಿದ್ದು."

ಎದುರಾಳಿ ಬಿಯರು ಭಟ್ಟಿಯ ಧಣಿ. ಮತದ ದಿನ ನೈಋತ್ಯದಿಂದ ಗಾಳಿ ಎದ್ದಿತು. ಡಾಕ್‌ನಲ್ಲಿ ಅಂಗಡಿ ಇಟ್ಟುಕೊಂಡು ನಮ್ಮ ಕಡೆ ದಡದಲ್ಲಿ ಮನೆ ಮಾಡಿದ ಮತದಾರರು ಬಹಳ ಮಂದಿ ಇದ್ದರು. ಚಮ್ಮಾರರು, ಹಗ್ಗ ಹೊಸೆಯುವವರು, ಬಡಗಿಗಳು. ಅವರೆಲ್ಲ ವೆನಿಂಗ್ ಕಡೆ ಎಂದು ಧಣಿಗೆ ಗೊತ್ತಿತ್ತು. ಅವನ ಬಿಯರು ಕುಡಿದ ಗಂಡಸರ ದೋಣಿಗಳೆಲ್ಲ "ಅಯ್ಯೋ, ಈ ಗಾಳೀಲಾ?" ಎಂದು ದಡ ಹಿಡಿದು ಕೂತವು. ನಾವು ಕೂರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಡಾರ್ಕಸ್ ನದಿಯನ್ನು ಅಡ್ಡಡ್ಡ ಸೀಳಿತು. ಹೋಗುವಾಗ ಮತದಾರರು, ಬರುವಾಗ ನೀರು. ನನ್ನ ಅಂಗೈ ಸುಲಿದು ಹುಟ್ಟಿನ ಹಿಡಿಗೆ ಅಂಟಿಕೊಂಡಿತ್ತು. ಚಮ್ಮಾರ ಓಬಿಡಾಯ ನಡುನೀರಿನಲ್ಲಿ ಪ್ರಾರ್ಥನೆ ಶುರುಮಾಡಿದ.

"ಮೊದ್ಲು ನೀರು ಮೊಗೆದು ಹಾಕು ಓಬಿ, ದೇವ್ರು ಕಾಯ್ತಾನೆ," ಎಂದು ಥರ್ಜಕ್ಕ ಅವನ ಕೈಗೆ ತಪ್ಪಲೆ ಕೊಟ್ಟಳು.

ಆಗೆಲ್ಲ ಗುಟ್ಟಿನ ಮತವಿರಲಿಲ್ಲ. ಚುನಾವಣೆಯ ಕಟ್ಟೆಯ ಮುಂದೆ ನಿಂತು, ಧಣಿಯ ಆಳುಗಳು ಗುರಾಯಿಸುತ್ತಿರುವಾಗಲೇ, ಯಾರಿಗೆ ಎಂದು ಬಾಯಿಬಿಟ್ಟು ಹೇಳಬೇಕು. ತೊಯ್ದು ನಡುಗುತ್ತಿದ್ದ ಓಬಿಡಾಯ ಧಣಿಯ ಮುಖ ನೋಡಿಕೊಂಡೇ "ವೆನಿಂಗ್!" ಎಂದ. ನದಿ ದಾಟಿ ಬಂದವನಿಗೆ ಧಣಿ ಯಾವ ಲೆಕ್ಕ? ಸಾಹೇಬರು ಗೆದ್ದರು, ಕೂದಲೆಳೆಯಷ್ಟರಲ್ಲಿ. ಅವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ಮೆರೆಸಿದರು. ಮರುದಿನ ಲಂಡನ್ನಿಗೆ ಹೋದರು.

ಹೋದವರು ಹೋದರು. ಹಲಗೆ ಅಲ್ಲೇ ಇತ್ತು.

ಮೊದಲ ವರ್ಷ ಕಾದೆವು. ಎರಡನೆಯ ವರ್ಷ ನಮ್ಮ ದೋಣಿಯ ಗ್ರೇಸ್ ಹುಟ್ಟು ಬಿಟ್ಟು ತಾಮ್ರದ ಗಣಿಯಲ್ಲಿ ಅದಿರು ಒಡೆಯಲು ಹೋದಳು. ಇನ್ನೊಬ್ಬಳು ಬಟ್ಟೆ ಒಗೆಯಲು ಸೇರಿದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಸಾಹೇಬರು ನೌಕಾ ಮಂಡಳಿಗೆ ಸೇರಿದರು ಎಂದು ಸುದ್ದಿ ಬಂದ ದಿನ ನಾನು ಪ್ಯಾಸ್ಟಿ ಕಡುಬು ತಿನ್ನುತ್ತಿದ್ದವಳು ಅದನ್ನು ಕೆಸರಿಗೆ ಎಸೆದೆ. ಒಳಗೆ ಆಲೂಗಡ್ಡೆ ಬಿಟ್ಟು ಬೇರೇನೂ ಇರಲಿಲ್ಲ, ಆದರೂ ಹಸಿವಿತ್ತು.

"ಒಂದು ಕಾಗದ ಬರೆಸಿ ಹಾಕಕ್ಕಾ," ಎಂದೆ. "ಮಾತು ಕೊಟ್ಟು ಮರೆತ್ರಲ್ಲ ಅಂತ ಮುಖಕ್ಕೆ ಹೊಡ್ದಂಗೆ ಬರೆಸು."

"ಕಾಗದ ಓದೋಕೆ ಅವ್ರ ಹತ್ರ ಜನ ಇದಾರೆ ಮೆಲ್ಯೋರಾ. ದೋಣಿ ಹತ್ತೋಕೆ ಅವ್ರೇ ಬರ್ಬೇಕು," ಎಂದಳು ಥರ್ಜಕ್ಕ. ಹಾಗೆಂದು ದೋಣಿಗೆ ಡಾಂಬರು ಬಳಿಯುವುದನ್ನು ಮುಂದುವರಿಸಿದಳು.

ಅವಳಿಗೆ ಹೇಗೆ ಅಷ್ಟು ನಂಬಿಕೆಯೋ. ಆದರೆ ಅವರು ಬಂದರು. ದೊಡ್ಡ ನೌಕೆಯ ತಪಾಸಣೆಗೆ ನೌಕಾ ಮಂಡಳಿಯ ಪರವಾಗಿ ವೆನಿಂಗ್ ಸಾಹೇಬರು ಬರುತ್ತಾರೆಂದು ಊರೆಲ್ಲ ಬಾವುಟ ಕಟ್ಟಿದರು. ಆ ಬೆಳಿಗ್ಗೆ ಹತ್ತು ಮಾರು ಮುಂದಿನದು ಕಾಣದಷ್ಟು ಮಂಜು. ಮೆಟ್ಟಿಲ ಬಳಿ ಅವರಿಗಾಗಿ ಚಿನ್ನದ ಬಣ್ಣ ಬಳಿದ ಸರ್ಕಾರಿ ದೋಣಿ ಸಿದ್ಧವಾಗಿತ್ತು. ನಾವು ಕೆಸರಲ್ಲಿ ನಿಂತು ಚಹಾ ಕುಡಿಯುತ್ತಿದ್ದೆವು. ನೋಡಿದರೆ ಮಂಜಿನೊಳಗಿಂದ ಒಬ್ಬ ಮನುಷ್ಯ ಸಾದಾ ಕೋಟಿನ ಮೇಲೆ ನಿಲುವಂಗಿ ಹೊದ್ದು, ಹೊಳೆಯುವ ಶೂಗಳನ್ನು ಪಚಪಚ ಎನ್ನಿಸಿಕೊಂಡು ನಮ್ಮತ್ತ ಬರುತ್ತಿದ್ದಾರೆ.

"ಥರ್ಜಾ! ಇಲ್ಲೇನ್ ಮಾಡ್ತಿದೀಯ ಈ ಕೊಚ್ಚೇಲಿ? ಮೆಟ್ಟಿಲ ಹತ್ರ ಹುಡುಕಿ ಸಾಕಾಯ್ತು ನಂಗೆ," ಎಂದರು, ನಗುನಗುತ್ತ. "ಸೆಕ್ರೆಟರೀನ ಆ ಸರ್ಕಾರಿ ದೋಣೀಲಿ ಕಳಿಸ್ದೆ. ನಾನು ನಿನ್ ದೋಣಿ ಬಿಟ್ಟು ಹೋದೋನಾ? ಅದೃಷ್ಟ ಕೈಕೊಟ್ರೆ ಏನ್ ಗತಿ!"

ನೋಡಿ, ಇದು ನನಗೆ ಇವತ್ತಿಗೂ ಅರಗುವುದಿಲ್ಲ. ಅವರು ಕೆಟ್ಟವರಲ್ಲ. ಮೋಸ ಮಾಡಿದವರೂ ಅಲ್ಲ. ಸುಮ್ಮನೆ ಮರೆತಿದ್ದರು. ಕೆಸರು ತುಳಿದುಕೊಂಡು ಅದೃಷ್ಟ ಹುಡುಕಿ ಬಂದವರಿಗೆ, ಆ ಅದೃಷ್ಟ ಯಾಕೆ ಕೆಸರಲ್ಲಿ ನಿಂತಿದೆ ಎಂದು ಹೊಳೆಯಲಿಲ್ಲ. ನಾನು ಬಾಯಿ ತೆರೆದೆ. ಥರ್ಜಕ್ಕ ನನ್ನ ಕಾಲನ್ನು ಜೋರಾಗಿ ತುಳಿದಳು.

"ಹತ್ತಿ ಸಾಹೇಬ್ರೇ," ಎಂದಳು. ಅಷ್ಟೇ. ಅವತ್ತು "ನನ್ ರಾಜಾ" ಅನ್ನಲಿಲ್ಲ.

ದಾರಿಯಲ್ಲಿ ಅವರು ಲಂಡನ್ನಿನ ವಿಚಾರ ಹೇಳಿದರು. ಅವಳು ಹ್ಞೂಂಗುಟ್ಟಿದಳು. ಮಂಜಿನಲ್ಲಿ ಗೋಡೆಯಂತೆ ನೌಕೆ ಎದ್ದಿತು. ಬಲಮಗ್ಗುಲಲ್ಲಿ ಆಗಲೇ ವಾದ್ಯ ಬಾರಿಸುತ್ತಿದ್ದರು. ಸರ್ಕಾರಿ ದೋಣಿ ಆಚೆಯಿಂದ ಬರುತ್ತಿತ್ತಲ್ಲ. ಮೇಲಿನಿಂದ ಪಹರೆಯವನ ದನಿ ಬಂತು: "ಯಾರ ದೋಣಿ?"

ಥರ್ಜಕ್ಕ ಹುಟ್ಟು ನಿಲ್ಲಿಸಿದಳು. ನನ್ನ ಕಡೆ ಒಮ್ಮೆ ನೋಡಿದಳು. ಅವಳು ಏನು ಕೂಗಲಿದ್ದಾಳೆಂದು ಆ ನೋಟದಲ್ಲೇ ನನಗೆ ಗೊತ್ತಾಯಿತು. ಹಿಂದೆ ಮಾಡಿದ ತಪ್ಪಿಗೆ ಒಂದು ಚಳಿಗಾಲ ಹೋಗಿತ್ತು. ಈಗ ನೌಕಾ ಮಂಡಳಿಯವರನ್ನೇ ಕೂರಿಸಿಕೊಂಡು ಸುಳ್ಳು ಹೇಳಿದರೆ ಡಾರ್ಕಸ್ ಮತ್ತೆಂದೂ ಯಾವ ಹಡಗನ್ನೂ ಮುಟ್ಟುವಂತಿಲ್ಲ. ಹಾಸಿಗೆಯಲ್ಲಿದ್ದ ಜಾನ್ ನೆನಪಾದ. ನಾನು ತಲೆ ಅಲ್ಲಾಡಿಸಿದೆ, ಬೇಡ ಎಂದೋ ಆಗಲಿ ಎಂದೋ ನನಗೇ ತಿಳಿಯದು.

"ಇಲ್ಲಿಲ್ಲ!" ಎಂದು ಥರ್ಜಕ್ಕ ಕೂಗಿದಳು.

ವೆನಿಂಗ್ ಸಾಹೇಬರು ಬೆಚ್ಚಿ ತಿರುಗಿದರು. ಆದರೆ ಹೇಳಿದೆನಲ್ಲ, ಒಳಗೆ ಕೂತವರು ತಾವಾಗಿ ಕೂಗುವಂತಿಲ್ಲ. ಮೂರು ದಶಕದ ಅಭ್ಯಾಸ ಅವರ ಬಾಯಿ ಕಟ್ಟಿತು.

"ಎಡಮಗ್ಗುಲಿಗೆ ಹೋಗ್ರಿ!" ಎಂದ ಮೇಲಿನವನು.

ನಾವು ಹೋದೆವು. ಅಡುಗೆಮನೆಯ ಸಿಪ್ಪೆ ಸುರಿಯುವ ಕಡೆ ಒಂದು ಒದ್ದೆ ಹಗ್ಗದೇಣಿ ತೂಗುತ್ತಿತ್ತು. ಸಾಹೇಬರು ಥರ್ಜಕ್ಕನನ್ನು ದಿಟ್ಟಿಸಿದರು. ಅವಳು ಕಣ್ಣು ತಗ್ಗಿಸಲಿಲ್ಲ. ಅವರು ಏಣಿ ಹಿಡಿದು ಹತ್ತಿದರು, ಕೆಸರಿನ ಶೂ ಎರಡು ಸಲ ಜಾರಿತು. ಆಚೆ ಸೀಟಿ ಊದಿ, ಡೋಲು ಬಾರಿಸಿ, ಕತ್ತಿ ಎತ್ತಿ ಎಲ್ಲರೂ ಸೆಕ್ರೆಟರಿಗೆ ಸಲಾಮು ಹೊಡೆಯುತ್ತಿದ್ದರು. ಪಾಪ, ಅವನಿಗೆ ಏನು ಮಾಡಬೇಕೆಂದು ತೋಚದೆ ಅವನೂ ಸಲಾಮು ಹೊಡೆದನಂತೆ. ಎಲ್ಲರ ಬೆನ್ನ ಹಿಂದೆ, ಕೋಳಿಗೂಡಿನ ಪಕ್ಕದಲ್ಲಿ, ನೌಕಾ ಮಂಡಳಿ ಒಬ್ಬಂಟಿಯಾಗಿ ಎದ್ದು ನಿಂತಿತು.

ವಾದ್ಯ ಅರ್ಧಕ್ಕೇ ನಿಂತಿತು. ಸ್ವಲ್ಪ ಹೊತ್ತಿಗೆ ಕಟಾಂಜನದ ಮೇಲೆ ಮುಖಗಳು ಮೂಡಿದವು. ಅವುಗಳಲ್ಲಿ ಹಲಗೆ ಹೊಡೆಸಿದ ಹಡಗುಕಟ್ಟೆಯ ಅಧಿಕಾರಿಯ ಮುಖವೂ ಇತ್ತು, ಬೀಟ್‌ರೂಟಿನಂತೆ ಕೆಂಪಾಗಿ.

"ಇಲ್ಲಿಲ್ಲ ಅಂದೋರು ಯಾರು?" ಎಂದು ಅವನು ಅರಚಿದ.

ಥರ್ಜಕ್ಕ ಎದ್ದು ನಿಂತಳು. ಡಾರ್ಕಸ್ ಅಲುಗಲೂ ಇಲ್ಲ. "ನಾನು."

"ದೋಣೀಲಿ ಯಾರಿದಾರೆ ಅಂತ ಕಣ್ ಕಾಣ್ಸೋದಿಲ್ವೇನು ನಿಂಗೆ?"

"ಕಾಣಿಸ್ತು ಸ್ವಾಮಿ. ಅಧಿಕಾರಿ ಯಾರೂ ಇರ್ಲಿಲ್ಲ. ಅಧಿಕಾರಿಗಳು ಮೆಟ್ಟಿಲಿಂದ ಹತ್ತುತ್ತಾರೆ. ನನ್ ದೋಣಿ ಮೆಟ್ಟಿಲು ಮುಟ್ಟಬಾರ್ದು ಅಂತ ನೀವೇ ಹಲಗೆ ಹೊಡ್ಸಿದೀರಿ. ಈ ಯಜಮಾನ್ರು ಕೆಸರಿಂದ ಹತ್ತಿದ್ರು. ಕೆಸರಿಂದ ಹತ್ತೋರು ನಮ್ಮಂಥೋರು. ನಮ್ಮಂಥೋರಿಗೆ ಇಲ್ಲಿಲ್ಲ ಅಂತಾನೇ ಅನ್ನೋದು."

ಥರ್ಜಕ್ಕ ಈಗ ಅವನನ್ನು ಬಿಟ್ಟು ವೆನಿಂಗ್ ಸಾಹೇಬರನ್ನೇ ನೋಡಿ ಹೇಳಿದಳು:

"ಮೊದಲ್ನೇ ಸಲ ನಿಮ್ಮನ್ನ ಇದ್ದಿದ್ದಕ್ಕಿಂತ ಮೇಲೇರ್ಸಿ ಕೂಗ್ದೆ. ಅವತ್ತು ಶಿಕ್ಷೆ ತಗೊಂಡೆ. ಇವತ್ತು ಕೆಳಗಿಳ್ಸಿ ಕೂಗಿದೀನಿ. ಇವತ್ತಿನ ಶಿಕ್ಷೇನೂ ಹೇಳ್ಬಿಡಿ, ನನ್ ಗಂಡನಿಗೆ ಗಂಜಿ ಕಾಯಿಸ್ಬೇಕು, ಹೊತ್ತಾಯ್ತು."

ಸಾಹೇಬರು ತಮ್ಮ ಶೂ ನೋಡಿಕೊಂಡರು. ಆ ಕೆಸರು ಆಗ ಕಂಡಿತು ಅವರಿಗೆ. ಕಿವಿಯಿಂದ ಕುತ್ತಿಗೆಯವರೆಗೆ ಕೆಂಪೇರಿತು. ಅದು ಸಿಟ್ಟಲ್ಲ, ನಾಚಿಕೆ. ಟೋಪಿ ತೆಗೆದರು. ಮೊದಲ ದಿನ ಕಂಬದ ತುದಿಯಿಂದ ತೆಗೆದ ಹಾಗೆ.

"ತಪಾಸಣೆ ಆಮೇಲೆ," ಎಂದರು ಕಟ್ಟೆಯ ಅಧಿಕಾರಿಗೆ, ಕಿರುಚದೆ. "ನೀವು ನನ್ ಜೊತೆ ಬನ್ನಿ. ದಡಕ್ಕೆ ಹೋಗ್ಬೇಕು."

"ಸರ್ಕಾರಿ ದೋಣಿ ಈ ಕಡೆ ಇದೆ ಸರ್—"

"ಈ ದೋಣೀಲಿ."

ಕಟ್ಟೆಯ ಅಧಿಕಾರಿ ಆ ಒದ್ದೆ ಹಗ್ಗದೇಣಿ ಇಳಿದು ನನ್ನ ಪಕ್ಕದಲ್ಲಿ ಕೂತದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ನನ್ನ ಮೊಣಕಾಲು ಕಾಣುತ್ತಿತ್ತು. ಮುಚ್ಚಲಿಲ್ಲ.

ಮಂಜು ತೆಳುವಾಗಿತ್ತು. ಮೆಟ್ಟಿಲ ಮೇಲೆ ಊರಿನ ಜನ, ಗಂಡಸರ ದೋಣಿಗಳು, ಆ ಹಲಗೆ ಎಲ್ಲ ಕಂಡವು. ಡಾರ್ಕಸ್ ನೇರ ಅತ್ತಲೇ ಬರುವುದನ್ನು ನೋಡಿ ಕಾವಲುಗಾರ ಕೈಬೀಸುತ್ತ ಓಡಿಬಂದ. "ಏಯ್! ಹೆಂಗಸರ ದೋಣಿ ಇಲ್ಲಿ—" ಎನ್ನುತ್ತಿದ್ದವನು ಒಳಗೆ ಕೂತವರನ್ನು ಕಂಡು ಅಲ್ಲೇ ನಿಂತ. ನಮ್ಮ ದೋಣಿಯ ಮೂತಿ ಕಲ್ಲಿಗೆ ತಾಗಿತು. ಎರಡು ವರ್ಷದ ಮೇಲೆ ಆ ಸದ್ದು ಕೇಳಿ ನನಗೆ ಅಳು ಬಂತು, ನಾಚಿಕೆಯಿಲ್ಲದೆ ಅತ್ತೆ.

ಹಿರಿಯರು ಮೊದಲು ಇಳಿಯಬೇಕು. ಕಟ್ಟೆಯ ಅಧಿಕಾರಿ ಸಾಹೇಬರಿಗೆ ದಾರಿ ಬಿಟ್ಟು ಕಾದ. ಮೆಟ್ಟಿಲ ಮೇಲಿನ ಜನರೂ ಸರಿದು ದಾರಿ ಮಾಡಿದರು. ವೆನಿಂಗ್ ಸಾಹೇಬರು ಮಾತ್ರ ಏಳಲಿಲ್ಲ. ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತೇ ಇದ್ದರು.

"ಏಳಿ ಸಾಹೇಬ್ರೇ, ಮೆಟ್ಟಿಲು ಬಂತು," ಎಂದಳು ಥರ್ಜಕ್ಕ.

"ನಂಗೆ ಗೊತ್ತಿಲ್ಲ ಅಂದ್ಕೊಂಡ್ರಾ? ನೀವೇ ಕಲ್ಸಿದ್ದು," ಎಂದರು ಅವರು. "ಇಳೀರಿ ಥರ್ಜಕ್ಕಾ. ಹಿರೀರು ಮೊದ್ಲು."

ಥರ್ಜಕ್ಕ ಹುಟ್ಟನ್ನು ಒಳಗೆಳೆದು ಅಡ್ಡ ಮಲಗಿಸಿದಳು. ಟೋಪಿಯ ದಾರ ಸರಿಮಾಡಿಕೊಂಡಳು. ಕೆಸರು ಮೆತ್ತಿದ ಬರಿಗಾಲನ್ನು ಎತ್ತಿ ಆ ತೊಳೆದ ಬಿಳಿ ಕಲ್ಲಿನ ಮೇಲೆ ಊರಿದಳು, ಆಮೇಲೆ ಇನ್ನೊಂದನ್ನು. ಹಿಂದೆ ತಿರುಗಿ ನನ್ನತ್ತ ಕೈ ಚಾಚಿದಳು. ನಮ್ಮ ದೋಣಿಯ ಹೆಂಗಸರೆಲ್ಲ ಇಳಿದ ಮೇಲೆ ಕಟ್ಟೆಯ ಅಧಿಕಾರಿ ಇಳಿದ. ಎಲ್ಲರಿಗಿಂತ ಕೊನೆಗೆ, ಮಿಡ್‌ಶಿಪ್‌ಮನ್ ಹುಡುಗನಂತೆ, ಗಿಲ್ಬರ್ಟ್ ವೆನಿಂಗ್ ಸಾಹೇಬರು ಇಳಿದು ಹೋಗಿ ತಮ್ಮ ಕೈಯಿಂದಲೇ ಆ ಹಲಗೆ ಕಿತ್ತರು.

"ಎಸೀಬೇಡಿ ನನ್ ರಾಜಾ," ಎಂದಳು ಥರ್ಜಕ್ಕ. "ಒಳ್ಳೆ ಓಕ್ ಮರ. ದೋಣೀಲಿ ಕೂರೋಕೆ ಆಗ್ತದೆ."